ಅನ್ನ ಬಿಡಬೇಕೇ, ಕ್ಯಾಲೊರಿ ಎಣಿಸಬೇಕೇ? ನಿಮ್ಮ ಅಡುಗೆಮನೆಯಲ್ಲೇ ತೀರ್ಮಾನಿಸಿ

ಕಾರವಾರದ ಟಾಗೋರ್ ಕಡಲತೀರದಲ್ಲಿ ಬೆಳಗಿನ ನಡಿಗೆಗೆ ಬರುವವರಲ್ಲಿ ಈಗ ಎರಡು ಪಕ್ಷಗಳಿವೆ. ಮೊದಲನೆಯದು ಅನ್ನ, ಚಪಾತಿ, ಅವಲಕ್ಕಿಗೆಲ್ಲ ಕೈಮುಗಿದು ಮೀನು, ಮೊಟ್ಟೆ, ತರಕಾರಿಯ ಮೇಲೆ ನಿಂತ ‘ಲೋ ಕಾರ್ಬ್’, ಅಂದರೆ ಪಿಷ್ಟ (ಕಾರ್ಬೊಹೈಡ್ರೇಟ್) ಕಡಿಮೆ ಮಾಡುವ ಪಕ್ಷ. ಎರಡನೆಯವರು ಏನನ್ನೂ ಬಿಟ್ಟಿಲ್ಲ. ತಿಂದದ್ದನ್ನೆಲ್ಲ ಮೊಬೈಲಿನಲ್ಲಿ ದಾಖಲಿಸಿ, ದಿನಕ್ಕೆ ಇಷ್ಟೇ ಕ್ಯಾಲೊರಿ ಎಂದು ಗೆರೆ ಎಳೆದುಕೊಂಡಿದ್ದಾರೆ. ಬೊಜ್ಜಿಗೆ ಅನ್ನವೇ ಮೂಲ ಎಂದು ಅವರು, ಎಷ್ಟು ತಿಂದಿರಿ ಎಂಬುದಷ್ಟೇ ಲೆಕ್ಕ ಎಂದು ಇವರು. ತೂಕ ಇಳಿಸಲು ಹೊರಟ ಹೊಸಬರು ಇಬ್ಬರ ಮಾತನ್ನೂ ಕೇಳಿ, ಎರಡನ್ನೂ ಅರ್ಧರ್ಧ ಮಾಡಿ, ತಿಂಗಳೊಳಗೆ ಕೈಚೆಲ್ಲುತ್ತಾರೆ.

ಈ ವಾದ ಹೊಸದಲ್ಲ. ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಬ್ರೆಡ್ಡು, ಸಕ್ಕರೆ, ಆಲೂಗಡ್ಡೆ ಬಿಟ್ಟು ತೂಕ ಇಳಿಸಿಕೊಂಡ ಬಗೆಯನ್ನು ಅಚ್ಚು ಹಾಕಿಸಿದ್ದು 1863ರಲ್ಲಿ. ಒಂದು ಗ್ರಾಂ ಪಿಷ್ಟ ಅಥವಾ ಪ್ರೋಟೀನಿನಿಂದ 4 ಕ್ಯಾಲೊರಿ, ಒಂದು ಗ್ರಾಂ ಕೊಬ್ಬಿನಿಂದ 9 ಎಂಬ ಲೆಕ್ಕವನ್ನು ಅಮೆರಿಕದ ರಸಾಯನಶಾಸ್ತ್ರಜ್ಞ ವಿಲ್ಬರ್ ಆ್ಯಟ್‌ವಾಟರ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೊಟ್ಟರು. ಅಂದಿನಿಂದ ಎರಡೂ ಕಡೆಯವರು ತಮ್ಮ ಪಟ್ಟು ಬಿಟ್ಟಿಲ್ಲ.

ತೂಕವನ್ನಷ್ಟೇ ನೋಡುವುದಾದರೆ ಉತ್ತರ ಸುಮಾರಾಗಿ ಸಿಕ್ಕಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಗಾರ್ಡ್‌ನರ್ ಮತ್ತು ಸಂಗಡಿಗರು 609 ಮಂದಿಯನ್ನು ಎರಡು ಗುಂಪು ಮಾಡಿ ಒಂದು ವರ್ಷ ಗಮನಿಸಿ, 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಪಿಷ್ಟ ಕಡಿಮೆ ಮಾಡಿದವರು ಸರಾಸರಿ 6 ಕಿಲೋ ಇಳಿದರೆ, ಕೊಬ್ಬು ಕಡಿಮೆ ಮಾಡಿದವರು 5.3 ಕಿಲೋ ಇಳಿದರು. ಈ ಅಂತರವನ್ನು ವ್ಯತ್ಯಾಸವೆಂದು ಪರಿಗಣಿಸುವಂತಿರಲಿಲ್ಲ. ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಕ್ಯಾಲೊರಿ ಎಣಿಸಿ ಎಂದು ಎರಡೂ ಗುಂಪಿಗೆ ಯಾರೂ ಹೇಳಿರಲಿಲ್ಲ. ಮೈದಾ, ಸಕ್ಕರೆ ಬಿಡಿ, ತರಕಾರಿ ಹೆಚ್ಚಿಸಿ, ಮನೆಯಲ್ಲಿ ಬೇಯಿಸಿ ತಿನ್ನಿ ಎಂದಷ್ಟೇ ಹೇಳಿದ್ದರು. ಆದರೂ ಎರಡೂ ಕಡೆಯವರ ದಿನದ ಕ್ಯಾಲೊರಿ ಸರಾಸರಿ 500ರಿಂದ 600ರಷ್ಟು ತಾನಾಗಿ ಇಳಿದಿತ್ತು. ಇನ್ನೊಂದು ಸಂಗತಿಯೂ ಇದೆ. ಒಂದೇ ಗುಂಪಿನೊಳಗೆ ಇಪ್ಪತ್ತೈದು ಕಿಲೋಗೂ ಹೆಚ್ಚು ಇಳಿದವರಿದ್ದರು, ತೂಕ ಏರಿಸಿಕೊಂಡವರೂ ಇದ್ದರು. ಪದ್ಧತಿ ಪದ್ಧತಿಗಿಂತ ಮನುಷ್ಯ ಮನುಷ್ಯನ ನಡುವಿನ ಅಂತರವೇ ದೊಡ್ಡದು.

ಹಾಗಾಗಿ ಕೇಳಬೇಕಾದ ಪ್ರಶ್ನೆ ಇದು: ನಿಮ್ಮ ಮನೆಯ ಅಡುಗೆಯಲ್ಲಿ, ನಿಮ್ಮ ದುಡಿಮೆಯ ವೇಳೆಯಲ್ಲಿ, ಯಾವುದನ್ನು ವರ್ಷವಿಡೀ ನಡೆಸಲು ಸಾಧ್ಯ? ಅದನ್ನು ಕಂಡುಕೊಳ್ಳುವ ಬಗೆ ಹೀಗಿದೆ.

1. ಮೊದಲು ಔಷಧಿಯ ಚೀಟಿ ನೋಡಿ

ಈ ಹೆಜ್ಜೆಯನ್ನು ದಯವಿಟ್ಟು ಹಾರಿಸಬೇಡಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಡೋಸ್ ಬದಲಿಸದೆ ಏಕಾಏಕಿ ಅನ್ನ ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ಸೇವಿಸುವವರು ಪಿಷ್ಟವನ್ನು ತೀರಾ ಇಳಿಸಿದರೆ ರಕ್ತ ಆಮ್ಲೀಯವಾಗುವ ಕೀಟೋಆಸಿಡೋಸಿಸ್‌ಗೆ ಗುರಿಯಾಗಬಹುದು. ಆಗ ಸಕ್ಕರೆಯ ಪ್ರಮಾಣ ಅಷ್ಟೇನೂ ಏರದಿರುವುದರಿಂದ ಅಪಾಯ ಗೊತ್ತಾಗುವುದೂ ತಡ. ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಈ ಎರಡೂ ದಾರಿಯನ್ನು ತಾವಾಗಿಯೇ ಹಿಡಿಯಬಾರದು. ವೈದ್ಯರಲ್ಲಿ ಕೇಳಿ, ಔಷಧಿ ಹೊಂದಿಸಿಕೊಂಡು ಶುರು ಮಾಡಿ.

ಸೊಂಟದ ಸುತ್ತಳತೆಯನ್ನೂ ಬರೆದಿಟ್ಟುಕೊಳ್ಳಿ. ನಮ್ಮ ದೇಶದವರಿಗೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ಮೀರಿದರೆ ಎಚ್ಚರಿಕೆ ಬೇಕು.

2. ಒಂದು ವಾರ ಏನನ್ನೂ ಬದಲಿಸದೆ ಅಳೆಯಿರಿ

ಲೋ ಕಾರ್ಬ್ ಮಾಡುವವರೂ ಈ ಒಂದು ವಾರ ಅಳೆಯಲೇಬೇಕು ಎಂಬುದು ನನ್ನ ಹಟ. ಅಂದಾಜಿನಲ್ಲಿ ನಾವೆಲ್ಲ ತಪ್ಪುತ್ತೇವೆ. ‘ಎಷ್ಟು ಕಡಿಮೆ ತಿಂದರೂ ತೂಕ ಇಳಿಯುವುದಿಲ್ಲ’ ಎನ್ನುತ್ತಿದ್ದವರನ್ನು ಅಮೆರಿಕದಲ್ಲಿ ಪರೀಕ್ಷಿಸಿ 1992ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಅವರು ತಿಂದದ್ದರಲ್ಲಿ ಸರಾಸರಿ ಶೇ 47ರಷ್ಟನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಸುಳ್ಳು ಹೇಳುವ ಉದ್ದೇಶ ಅವರಿಗಿರಲಿಲ್ಲ. ಊಟದ ಅಳತೆ ಕಣ್ಣಿಗೆ ದಕ್ಕುವುದಿಲ್ಲ, ಅಷ್ಟೆ.

ಬೇಕಾಗುವುದು ಒಂದು ಅಡುಗೆ ತಕ್ಕಡಿ, ಒಂದು ನೋಟುಬುಕ್. ಖಾಲಿ ತಟ್ಟೆಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ನಿತ್ಯ ಬಡಿಸಿಕೊಳ್ಳುವಷ್ಟೇ ಅನ್ನ ಬಡಿಸಿ, ಅಂಕಿ ಬರೆಯಿರಿ. ಎರಡನೆಯ ಸಲ ಬಡಿಸಿಕೊಂಡದ್ದನ್ನೂ ಸೇರಿಸಿ. ಮನೆಯ ಸೌಟಿನಲ್ಲಿ ಎಷ್ಟು ಗ್ರಾಂ ಹಿಡಿಯುತ್ತದೆ ಎಂದು ಒಮ್ಮೆ ತಿಳಿದರೆ ಆಮೇಲೆ ತಕ್ಕಡಿ ಬೇಕಿಲ್ಲ. ಅಕ್ಕಿಯನ್ನು ಸಿದ್ದೆಯಲ್ಲಿ ಅಳೆದು ಹಾಕುವ ಮನೆಯಾದರೆ ಆ ಸಿದ್ದೆಯನ್ನೂ ತೂಗಿಡಿ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ, ಬೆಂದ 100 ಗ್ರಾಂ ಅನ್ನದಲ್ಲಿ ಸುಮಾರು 130. ಅದರಲ್ಲಿ ಪಿಷ್ಟ 28 ಗ್ರಾಂ.

ಇನ್ನು ತೆಂಗಿನಕಾಯಿ. ನಮ್ಮ ಕರಾವಳಿಯಲ್ಲಿ ಎರಡೂ ಪಕ್ಷದವರು ಮುಗ್ಗರಿಸುವುದು ಇಲ್ಲೇ. ಅನ್ನ ಬಿಟ್ಟವರು ಮೀನುಸಾರಿನ ಕಾಯಿರಸವನ್ನು ಬಟ್ಟಲುಗಟ್ಟಲೆ ಕುಡಿಯುತ್ತಾರೆ, ಹಸಿವಾದಾಗ ಕಾಯಿಹಾಲಿನ ಸೋಲ್ ಕಡಿ ಹಾಕಿಸಿಕೊಳ್ಳುತ್ತಾರೆ. ಕ್ಯಾಲೊರಿ ಎಣಿಸುವವರು ಅನ್ನವನ್ನು ಗ್ರಾಂ ಲೆಕ್ಕದಲ್ಲಿ ಬರೆದು, ಸಾರಿನೊಳಗೆ ಅರೆದು ಹೋದ ಕಾಯಿಯನ್ನು ಮರೆಯುತ್ತಾರೆ. ಮಧ್ಯಮ ಗಾತ್ರದ ಕಾಯಿಯ ಒಂದು ಕಡಿ (ಅರ್ಧ ಹೋಳು) ತುರಿದರೆ ಸುಮಾರು 500 ಕ್ಯಾಲೊರಿ. ನಾಲ್ಕು ಜನರ ಸಾರಿಗೆ ಒಂದು ಕಡಿ ಹಾಕಿದರೆ ತಲೆಗೆ 125. ಒಗ್ಗರಣೆಗೆ ಸುರಿಯುವ ಒಂದು ದೊಡ್ಡ ಚಮಚ ಕೊಬ್ಬರಿ ಎಣ್ಣೆ 120. ಕಾಯಿ ಬಿಡಿ ಎನ್ನುತ್ತಿಲ್ಲ, ಬಿಟ್ಟರೆ ನಮ್ಮ ಅಡುಗೆಗೆ ಜೀವವೇ ಇರದು. ಪುಸ್ತಕದಲ್ಲಿ ಬರೆಯಿರಿ ಎನ್ನುತ್ತಿದ್ದೇನೆ.

ಜೋನಿಬೆಲ್ಲವನ್ನೂ ಬರೆಯಿರಿ. ‘ಬೆಲ್ಲ ತಾನೆ’ ಎಂದು ಶಿರಸಿಯ ಕಡೆ ದೋಸೆಯ ಮೇಲೆ ಹರಿಯಬಿಡುವುದುಂಟು. ಕ್ಯಾಲೊರಿಯ ಮಟ್ಟಿಗೆ ಬೆಲ್ಲ ಸಕ್ಕರೆಯ ಒಡಹುಟ್ಟೇ. ಬೆಳಗ್ಗೆ ಹೊಟೇಲಿನ ಬನ್ಸ್, ಸಂಜೆಯ ಹಲಸಿನ ಹಪ್ಪಳ, ಚಹಾದ ಸಕ್ಕರೆ ಯಾವುದನ್ನೂ ಬಿಡಬೇಡಿ.

3. ಒಂದು ಊಟದ ಮೇಲೆ ಎರಡೂ ದಾರಿ ಹಾಕಿ ನೋಡಿ

ಅಂಕೋಲೆಯ ಕಚೇರಿ ಕೆಲಸದವರೊಬ್ಬರ ಮಧ್ಯಾಹ್ನದ ಊಟ ಎಂದಿಟ್ಟುಕೊಳ್ಳಿ. 400 ಗ್ರಾಂ ಕುಚ್ಚಲಕ್ಕಿ ಅನ್ನ: 520 ಕ್ಯಾಲೊರಿ. ಸಾರಿನ ಕಾಯಿ: 125. ರವೆ ಹಚ್ಚಿ ಹುರಿದ ಬಂಗಡೆಯಲ್ಲಿ ತಿನ್ನುವ ಭಾಗ 100 ಗ್ರಾಂ: ಮೀನಿಗೆ ಸುಮಾರು 150, ರವೆ ಮತ್ತು ಎಣ್ಣೆಗೆ 130. ಒಟ್ಟು 925. ಅನ್ನದ ಪಿಷ್ಟವೇ 112 ಗ್ರಾಂ. ಸಾಮಾನ್ಯವಾಗಿ ದಿನಕ್ಕೆ 130 ಗ್ರಾಂಗಿಂತ ಕಡಿಮೆ ಇದ್ದರೆ ಲೋ ಕಾರ್ಬ್, 50ಕ್ಕಿಂತ ಕಡಿಮೆಯಾದರೆ ಕೀಟೊ ಎನ್ನುತ್ತಾರೆ. ಈ ಒಂದೇ ಊಟ ದಿನದ ಪಾಲನ್ನು ಬಹುಪಾಲು ಮುಗಿಸಿಬಿಟ್ಟಿತು.

ಲೋ ಕಾರ್ಬ್ ದಾರಿಯಲ್ಲಿ ಅನ್ನ 100 ಗ್ರಾಂಗೆ ಇಳಿಯುತ್ತದೆ. ಮೀನು 150 ಗ್ರಾಂ, ಹುರಿಯದೆ ಸಾರಿನಲ್ಲೇ. ಕಾಯಿ ಮೊದಲಿನಷ್ಟೇ. ಜೊತೆಗೆ ಬಟ್ಟಲು ತುಂಬ ಅಲಸಂದೆಕಾಯಿ ಪಲ್ಯ. ಒಟ್ಟು 580ರ ಸುಮಾರು. ಎಣಿಸುವ ದಾರಿಯಲ್ಲಿ ಅನ್ನ 250 ಗ್ರಾಂ, ಮೀನು ಸಾರಿನದೇ 100 ಗ್ರಾಂ, ಕಾಯಿ ಅರ್ಧಕ್ಕರ್ಧ, ಸ್ವಲ್ಪ ಪಲ್ಯ. ಅದೂ 580ರ ಸುಮಾರೇ! ವಾದ ಮಾಡುವ ಇಬ್ಬರೂ ಒಂದೇ ಜಾಗಕ್ಕೆ ಬಂದು ನಿಂತರು. ಎರಡರಲ್ಲೂ ಇಳಿದದ್ದು ಅನ್ನ, ಎರಡರಲ್ಲೂ ಹೋದದ್ದು ಹುರಿದ ಎಣ್ಣೆ.

ಅಕ್ಕಿ ಬದಲಿಸಿದರೆ ಸಾಕು ಎಂದುಕೊಂಡವರಿಗೂ ಇಲ್ಲಿ ಒಂದು ಮಾತು. ಕುಚ್ಚಲಕ್ಕಿಯಲ್ಲಿ, ಸಿರಿಧಾನ್ಯದಲ್ಲಿ ನಾರು ಹೆಚ್ಚು, ಹೊಟ್ಟೆ ಹೆಚ್ಚು ಹೊತ್ತು ತಡೆಯುತ್ತದೆ, ನಿಜ. ಆದರೆ ಗ್ರಾಂ ಲೆಕ್ಕದಲ್ಲಿ ಕ್ಯಾಲೊರಿ ಹೆಚ್ಚುಕಡಿಮೆ ಬೆಳ್ತಿಗೆ ಅಕ್ಕಿಯಷ್ಟೇ. ಭಾರತೀಯರ ದಿನದ ಕ್ಯಾಲೊರಿಯಲ್ಲಿ ಶೇ 62ರಷ್ಟು ಪಿಷ್ಟದಿಂದಲೇ ಬರುತ್ತದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಧುಮೇಹ ಸಮೀಕ್ಷೆಯಾದ ಐಸಿಎಂಆರ್–ಇಂಡಿಯಾಬ್‌ನ 2025ರ ವರದಿ ಹೇಳಿತು. ಒಟ್ಟು ಪಿಷ್ಟ ಇಳಿಸದೆ ಅಕ್ಕಿಯ ಜಾಗಕ್ಕೆ ಗೋಧಿ, ಸಿರಿಧಾನ್ಯ ತಂದರೆ ಮಧುಮೇಹದ ಅಪಾಯ ತಗ್ಗುವುದಿಲ್ಲ ಎಂದೂ ಅದರಲ್ಲಿತ್ತು.

4. ಅಡುಗೆಮನೆ ನೋಡಿ ದಾರಿ ಆರಿಸಿ

ಮೀನು, ಮೊಟ್ಟೆ, ಕೋಳಿ ತಿನ್ನುವ ಕಾರವಾರ, ಅಂಕೋಲಾ, ಹೊನ್ನಾವರದ ಮನೆಗಳಿಗೆ ಲೋ ಕಾರ್ಬ್ ಸುಲಭ. ತಾರ್ಲೆ, ಬಂಗಡೆ, ಸಿಗಡಿಯಲ್ಲಿ ಪಿಷ್ಟ ಇಲ್ಲವೆನ್ನುವಷ್ಟು ಕಡಿಮೆ, ಪ್ರೋಟೀನ್ ಧಾರಾಳ. ರಾತ್ರಿ ಊಟದ ನಂತರವೂ ಏನಾದರೂ ಬಾಯಿಗೆ ಬೇಕೆನಿಸುವವರು, ಸಕ್ಕರೆ ಕಾಯಿಲೆಯ ಅಂಚಿನಲ್ಲಿರುವವರು ಈ ದಾರಿಯನ್ನು ಮೊದಲು ನೋಡಬಹುದು. ರಕ್ತದ ಸಕ್ಕರೆ ಮತ್ತು ರಕ್ತದಲ್ಲಿನ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಮೊದಲ ತಿಂಗಳುಗಳಲ್ಲಿ ಚೆನ್ನಾಗಿ ಇಳಿಯುವುದುಂಟು. ಆದರೆ ಕೆಲವರಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಏರುತ್ತದೆ. ಅನ್ನದ ಜಾಗವನ್ನು ಕೊಬ್ಬರಿ ಎಣ್ಣೆ, ತುಪ್ಪದಿಂದ ತುಂಬಿದವರು ಮೂರು ತಿಂಗಳಿಗೆ ರಕ್ತ ಪರೀಕ್ಷೆ ಮಾಡಿಸಲೇಬೇಕು.

ಶಿರಸಿ, ಸಿದ್ದಾಪುರದ ಸಸ್ಯಾಹಾರಿ ಮನೆಗಳ ಲೆಕ್ಕವೇ ಬೇರೆ. ದಿನದ 60 ಗ್ರಾಂ ಪ್ರೋಟೀನಿಗೆ ಬೇಳೆಯೊಂದನ್ನೇ ನಂಬಿದರೆ ಕಾಲು ಕಿಲೋ ಬೇಳೆ ಬೇಕು. ಅದರ ಜೊತೆ 150 ಗ್ರಾಂನಷ್ಟು ಪಿಷ್ಟ ತಾನಾಗಿ ಬರುತ್ತದೆ. ಅನ್ನ ಮುಟ್ಟದೆಯೇ ಲೋ ಕಾರ್ಬ್ ಗೆರೆ ದಾಟಿತು. ಪನೀರ್, ಮೊಸರು, ಸೋಯಾ ನಿತ್ಯ ಒಗ್ಗುವವರು ಪ್ರಯತ್ನಿಸಬಹುದು. ಉಳಿದವರಿಗೆ ಅಳತೆಯ ಊಟವೇ ಒಳ್ಳೆಯದು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಅದಕ್ಕೆ ಬೇಕಾದ ಪದಾರ್ಥಗಳು ಅಲ್ಲಿನ ಅಡುಗೆಯಲ್ಲೇ ಇವೆ: ಮಜ್ಜಿಗೆಯಲ್ಲಿ ಕಲಸಿದ ಒಂದೆಲಗದ ತಂಬುಳಿ, ನೀರಾದ ಅಪ್ಪೆಹುಳಿ, ಮೊಗೆಕಾಯಿ ಹುಳಿ, ಬಸಳೆ. ಹೊಟ್ಟೆ ತುಂಬುತ್ತದೆ, ಕ್ಯಾಲೊರಿ ಅಷ್ಟಿಲ್ಲ. ರಾತ್ರಿ ಅನ್ನದ ಬದಲು ಗಂಜಿ ಮಾಡಿದರೆ ಅದೇ ಹಿಡಿ ಅಕ್ಕಿ ಬಟ್ಟಲು ತುಂಬುತ್ತದೆ.

ಮನೆಯಲ್ಲಿ ಅಡುಗೆ ಮಾಡುವವರು ಬೇರೆ, ಉಣ್ಣುವವರು ಬೇರೆ ಆಗಿದ್ದರೆ ಇನ್ನೂ ಒಂದು ಅಂಶ ಸೇರಿಸಿ. ಒಬ್ಬರ ಲೋ ಕಾರ್ಬ್‌ಗಾಗಿ ಇನ್ನೊಬ್ಬರು ದಿನಕ್ಕೆರಡು ಅಡುಗೆ ಬೇಯಿಸಬೇಕಾದರೆ ಆ ದಾರಿ ಬಾಳುವುದಿಲ್ಲ, ಬಾಳಲೂಬಾರದು. ಎಲ್ಲರಿಗೂ ಮಾಡಿದ್ದನ್ನೇ ಅಳೆದು ಬಡಿಸಿಕೊಳ್ಳುವುದು ಮನೆಯವರಿಗೆ ಹೊರೆಯಾಗದು.

5. ಎಷ್ಟು ಇಳಿಸಬೇಕು

ಮೊದಲ ವಾರದ ಪುಸ್ತಕದ ಸರಾಸರಿಯಿಂದ ದಿನಕ್ಕೆ 400–500 ಕ್ಯಾಲೊರಿ ಕಳೆಯಿರಿ, ಸಾಕು. ಲೋ ಕಾರ್ಬ್‌ನವರು ಕೀಟೊಗೆ ಹಾರುವ ಬದಲು ಅನ್ನವನ್ನು ಮೊದಲು ಅರ್ಧಕ್ಕೆ, ಎರಡು ವಾರದ ನಂತರ ಕಾಲಿಗೆ ತನ್ನಿ. ಎರಡು ದಾರಿಯಲ್ಲೂ ದೇಹತೂಕದ ಕಿಲೋಗೆ ಸುಮಾರು 1 ಗ್ರಾಂ ಪ್ರೋಟೀನ್ ಇರಲಿ. ಇಲ್ಲದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಏಪ್ರಿಲ್–ಮೇನಲ್ಲಿ ಕರಿ ಈಶಾಡು ಮಾವು ಬಂದಾಗ ಲೋ ಕಾರ್ಬ್‌ನವರು ಹಣ್ಣು ತಿಂದ ದಿನ ಅನ್ನ ಬಿಡಲಿ. 200 ಗ್ರಾಂ ಮಾವಿನ ತಿರುಳಿನಲ್ಲಿ 30 ಗ್ರಾಂನಷ್ಟು ಪಿಷ್ಟ ಇರುತ್ತದೆ. ಚೌತಿಯ ದಿನ ಲೆಕ್ಕ ಬೇಡ, ಮರುದಿನ ಮತ್ತೆ ಶುರು ಮಾಡಿ.

6. ತೂಕದ ಯಂತ್ರವನ್ನು ಓದುವ ಬಗೆ

ಲೋ ಕಾರ್ಬ್ ಹಿಡಿದವರು ಮೊದಲ ವಾರದಲ್ಲೇ ಎರಡು ಕಿಲೋ ಇಳಿದೆವೆಂದು ಹಿಗ್ಗುತ್ತಾರೆ. ಅದರಲ್ಲಿ ಬಹುಪಾಲು ನೀರು. ದೇಹವು ಪಿಷ್ಟವನ್ನು ಗ್ಲೈಕೊಜನ್ ರೂಪದಲ್ಲಿ ಕೂಡಿಡುವಾಗ ಪ್ರತಿ ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರನ್ನೂ ಹಿಡಿದಿರುತ್ತದೆ. ಆ ದಾಸ್ತಾನು ಖಾಲಿಯಾದಾಗ ನೀರೂ ಹೋಗುತ್ತದೆ, ಒಂದು ಮದುವೆಯೂಟ ಉಂಡರೆ ವಾಪಸು ಬರುತ್ತದೆ. ಎಣಿಸುವವರಿಗೆ ಈ ಆರಂಭದ ಹುರುಪು ಸಿಗುವುದಿಲ್ಲ. ಪಕ್ಕದವರನ್ನು ನೋಡಿ ಧೈರ್ಯಗೆಡಬೇಡಿ. ವಾರಕ್ಕೊಮ್ಮೆ, ಒಂದೇ ದಿನ, ಬೆಳಗ್ಗೆ ಬರಿಹೊಟ್ಟೆಯಲ್ಲಿ ತೂಗಿ. ವಾರಕ್ಕೆ ಅರ್ಧ ಕಿಲೋ ಇಳಿದರೆ ಒಳ್ಳೆಯ ನಡಿಗೆ.

ಮೂರು–ನಾಲ್ಕು ತಿಂಗಳಿಗೆ ಇಳಿಕೆ ನಿಧಾನವಾಗುತ್ತದೆ. ಹಗುರಾದ ದೇಹಕ್ಕೆ ಮೊದಲಿನಷ್ಟು ಕ್ಯಾಲೊರಿ ಬೇಡ, ಹಸಿವೂ ಹೆಚ್ಚುತ್ತದೆ. ಆಗ ಊಟವನ್ನು ಇನ್ನಷ್ಟು ಕತ್ತರಿಸುವ ಮೊದಲು ತಕ್ಕಡಿಯನ್ನು ಮತ್ತೆ ಒಂದು ವಾರ ಹೊರತೆಗೆಯಿರಿ. ಸೌಟು ಅದೇ ಇದ್ದರೂ ಅದರ ಮೇಲಿನ ಗೋಪುರ ಎತ್ತರವಾಗಿರುವುದು ಹೆಚ್ಚಿನ ಮನೆಗಳಲ್ಲಿ ಕಾಣುತ್ತದೆ.

ಮೀನಿನ ಮೇಲೆ ನಿಂತವರು ಮಳೆಗಾಲಕ್ಕೆ ಮೊದಲೇ ಸಿದ್ಧರಾಗಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಹಸಿ ಮೀನು ಸಿಗುವುದೇ ಅಪರೂಪ, ಸಿಕ್ಕರೂ ದುಬಾರಿ. ಒಣಮೀನಿನಲ್ಲಿ ಪ್ರೋಟೀನ್ ಇದೆ, ಆದರೆ ಉಪ್ಪು ವಿಪರೀತ, ರಕ್ತದೊತ್ತಡದವರಿಗೆ ಹೇಳಿಸಿದ್ದಲ್ಲ. ಈ ಎರಡು ತಿಂಗಳು ಮೊಟ್ಟೆ, ಕೋಳಿ, ಮೊಳಕೆಕಾಳಿನ ಪಲ್ಯಕ್ಕೆ ಹೊರಳಿ. ಅಷ್ಟಕ್ಕೂ ಸಾಲದಿದ್ದರೆ ಅನ್ನವನ್ನು 200 ಗ್ರಾಂಗೆ ಏರಿಸಿ, ಹುರಿದದ್ದನ್ನೂ ಸೋಲ್ ಕಡಿಯನ್ನೂ ಕೈಬಿಟ್ಟು, ಆಗಸ್ಟಿನವರೆಗೆ ಎಣಿಸುವವರ ದಾರಿಯಲ್ಲಿ ನಡೆಯಿರಿ.