ಎರಡು ಫಿಟ್ಸ್ ಮಾತ್ರೆಗಳು ಜೊತೆಯಾದಾಗ: ಏನನ್ನು, ಯಾವಾಗ ಗಮನಿಸಬೇಕು

ಫಿಟ್ಸ್‌ಗೆ ಎರಡನೆಯ ಮಾತ್ರೆ ಶುರುವಾದಾಗ ಎಲ್ಲರ ಕಣ್ಣೂ ಹೊಸದರ ಮೇಲೆಯೇ ಇರುತ್ತದೆ. ಆದರೆ ತೊಂದರೆ ಎಷ್ಟೋ ಸಲ ಹಳೆಯ ಮಾತ್ರೆಯದು. ಅದರ ಡೋಸ್ ಅಷ್ಟೇ ಇದ್ದರೂ ರಕ್ತದಲ್ಲಿನ ಮಟ್ಟ ಏರಿರುತ್ತದೆ, ಇಲ್ಲವೇ ಕುಸಿದಿರುತ್ತದೆ.

ಮೊದಲು ಸ್ಟ್ರಿಪ್ ತಿರುಗಿಸಿ, ಬ್ರ್ಯಾಂಡ್ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿರುವ ಔಷಧದ ಹೆಸರು ಓದಿ. ಕಾರ್ಬಮಜೆಪೀನ್, ಫೆನಿಟಾಯಿನ್, ಫಿನೋಬಾರ್ಬಿಟೋನ್, ಪ್ರಿಮಿಡೋನ್ ಔಷಧಗಳನ್ನು ಒಡೆಯುವ ಲಿವರಿನ ಕಿಣ್ವಗಳನ್ನು ಚುರುಕುಗೊಳಿಸಿ ಜೊತೆಗಿರುವ ಔಷಧವನ್ನು ಬೇಗ ಖಾಲಿ ಮಾಡುತ್ತವೆ. ವಾಲ್ಪ್ರೊಯೇಟ್ ಇದಕ್ಕೆ ತದ್ವಿರುದ್ಧ, ಕೆಲವು ಔಷಧಗಳನ್ನು ದೇಹದಲ್ಲೇ ತಡೆಹಿಡಿಯುತ್ತದೆ. ಲೆವೆಟಿರಾಸಿಟಮ್ ಬಹುಮಟ್ಟಿಗೆ ಯಾರ ತಂಟೆಗೂ ಹೋಗುವುದಿಲ್ಲ.

ಅತಿ ಹೆಚ್ಚು ಎಚ್ಚರ ಬೇಕಾದ ಜೋಡಿ ವಾಲ್ಪ್ರೊಯೇಟ್ ಮತ್ತು ಲ್ಯಾಮೊಟ್ರಿಜಿನ್. ಇವು ಜೊತೆಗಿದ್ದರೆ ಲ್ಯಾಮೊಟ್ರಿಜಿನ್ ಮಟ್ಟ ಸುಮಾರು ದುಪ್ಪಟ್ಟಾಗುತ್ತದೆ. ಅದಕ್ಕೇ ವಾಲ್ಪ್ರೊಯೇಟ್ ತೆಗೆದುಕೊಳ್ಳುತ್ತಿರುವ ವಯಸ್ಕರಿಗೆ ಲ್ಯಾಮೊಟ್ರಿಜಿನ್ ಅನ್ನು ಸಾಮಾನ್ಯವಾಗಿ ಮೊದಲ 2 ವಾರ ದಿನ ಬಿಟ್ಟು ದಿನ 25 ಮಿ.ಗ್ರಾಂ, ಮುಂದಿನ 2 ವಾರ ದಿನಕ್ಕೆ 25 ಮಿ.ಗ್ರಾಂ ಕೊಡುತ್ತಾರೆ. ವಾಲ್ಪ್ರೊಯೇಟ್ ಇಲ್ಲದೆ ಕಾರ್ಬಮಜೆಪೀನ್ ಅಥವಾ ಫೆನಿಟಾಯಿನ್ ಇದ್ದರೆ ಆರಂಭವೇ ದಿನಕ್ಕೆ 50 ಮಿ.ಗ್ರಾಂ. ಚೀಟಿಯಲ್ಲಿ ಆರಂಭದ ಡೋಸ್ ಇದಕ್ಕಿಂತ ಹೆಚ್ಚು ಕಂಡರೆ ಮಾತ್ರೆ ನುಂಗುವ ಮೊದಲೇ ಡಾಕ್ಟರನ್ನು ಕೇಳಿ. ಅವಸರವಾಗಿ ಏರಿಸಿದರೆ ಚರ್ಮದ ತೀವ್ರ ಪ್ರತಿಕ್ರಿಯೆಯ ಅಪಾಯ ಹೆಚ್ಚು, ಅದು ಬರುವುದು ಬಹುತೇಕ ಮೊದಲ 8 ವಾರಗಳಲ್ಲಿ. ದದ್ದಿನ ಜೊತೆ ಜ್ವರ, ಬಾಯಿಹುಣ್ಣು, ಕಣ್ಣುರಿ ಇದ್ದರೆ ಅಂದೇ ಆಸ್ಪತ್ರೆಗೆ ಹೋಗಿ. ಲ್ಯಾಮೊಟ್ರಿಜಿನ್ ಐದಾರು ದಿನ ತಪ್ಪಿಹೋಗಿದ್ದರೆ ಹಳೆಯ ಡೋಸಿಗೆ ನೇರವಾಗಿ ಮರಳಬೇಡಿ. ಮತ್ತೆ ಕೆಳಗಿನಿಂದ ಏರಿಸಬೇಕಾಗಬಹುದು, ಡಾಕ್ಟರಿಗೆ ಫೋನ್ ಮಾಡಿ.

ಫೆನಿಟಾಯಿನ್ ಜೊತೆ ವಾಲ್ಪ್ರೊಯೇಟ್ ಇದ್ದಾಗ ಲ್ಯಾಬ್ ರಿಪೋರ್ಟೇ ದಾರಿ ತಪ್ಪಿಸುತ್ತದೆ. ಫೆನಿಟಾಯಿನ್ನಿನ ಸುಮಾರು 90% ರಕ್ತದ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ, ಕೆಲಸ ಮಾಡುವುದು ಉಳಿದ ಭಾಗ. ವಾಲ್ಪ್ರೊಯೇಟ್ ಅಂಟಿಕೊಂಡದ್ದನ್ನು ಪ್ರೋಟೀನಿನಿಂದ ಬಿಡಿಸುತ್ತದೆ. ರಿಪೋರ್ಟಿನಲ್ಲಿ ಒಟ್ಟು ಮಟ್ಟ ಸಾಮಾನ್ಯ ಮಿತಿಯಾದ 10–20 ಮೈಕ್ರೋಗ್ರಾಂ/ಮಿ.ಲೀ. ಒಳಗೇ ಇದ್ದರೂ ನಡಿಗೆ ತೂರಾಡಬಹುದು, ಕಣ್ಣುಗುಡ್ಡೆ ಅದುರಬಹುದು. ಆಗ ಪ್ರೋಟೀನಿಗೆ ಅಂಟದ ಭಾಗವನ್ನಷ್ಟೇ ಅಳೆಯುವ ‘ಫ್ರೀ ಫೆನಿಟಾಯಿನ್’ ಪರೀಕ್ಷೆ ಕೇಳಿ. ರಕ್ತ ಕೊಡುವುದು ಬೆಳಗಿನ ಮಾತ್ರೆಗೆ ಮೊದಲು.

ವಾಲ್ಪ್ರೊಯೇಟ್ ಜೊತೆ ಫಿನೋಬಾರ್ಬಿಟೋನ್ ಇದ್ದರೆ ವಿಪರೀತ ನಿದ್ದೆ ಬರಬಹುದು. ವಾಲ್ಪ್ರೊಯೇಟ್ ಜೊತೆ ಟೋಪಿರಮೇಟ್ ಇದ್ದು ವಾಂತಿ, ಮಂಕು, ಗೊಂದಲ ಕಂಡರೆ ರಕ್ತದ ಅಮೋನಿಯಾ ಪರೀಕ್ಷೆ ತಡಮಾಡಬಾರದು. ಕಾರ್ಬಮಜೆಪೀನ್‌ಗೆ ಲ್ಯಾಮೊಟ್ರಿಜಿನ್ ಸೇರಿದ ಮೇಲೆ ಒಂದು ವಸ್ತು ಎರಡಾಗಿ ಕಾಣತೊಡಗಿದರೆ ಅದು ಕನ್ನಡಕದ ದೋಷ ಅಂದುಕೊಳ್ಳಬೇಡಿ.

ಕಿಣ್ವಗಳು ಚುರುಕಾಗಲೂ ತಣಿಯಲೂ ವಾರಗಳು ಬೇಕು. ಕಾರ್ಬಮಜೆಪೀನ್ ನಿಲ್ಲಿಸಿದ ಮೇಲೆ ಎರಡು ಮೂರು ವಾರ ಕಳೆದು ಲ್ಯಾಮೊಟ್ರಿಜಿನ್ ಮಟ್ಟ ಏರಿ ತಲೆ ಸುತ್ತಬಹುದು. ಅಷ್ಟರಲ್ಲಿ ನಿಲ್ಲಿಸಿದ್ದೇ ಮರೆತಿರುತ್ತದೆ. ಆದ್ದರಿಂದ ಪ್ರತಿ ಬದಲಾವಣೆಯ ತಾರೀಖು ಬರೆದಿಟ್ಟು, ಮುಂದಿನ 4–6 ವಾರ ಫಿಟ್ಸ್, ನಿದ್ದೆ, ನಡಿಗೆ, ದದ್ದು ಗುರುತು ಹಾಕಿಕೊಳ್ಳಿ. ಏನೇ ಕಂಡರೂ ಮಾತ್ರೆಗಳನ್ನು ನೀವಾಗಿಯೇ ತಟಕ್ಕನೆ ನಿಲ್ಲಿಸಬೇಡಿ, ಬಿಡದೆ ಬರುವ ಫಿಟ್ಸ್ ಪ್ರಾಣಕ್ಕೇ ಎರವಾಗಬಹುದು.

ಬೇರೆ ಕಾಯಿಲೆಗೆ ಡಾಕ್ಟರ ಬಳಿ ಹೋದಾಗಲೂ ನಿಮ್ಮ ಮಾತ್ರೆಗಳ ಪಟ್ಟಿ ಕೈಯಲ್ಲಿರಲಿ. ಆ್ಯಂಟಿಬಯೋಟಿಕ್‌ಗಳಲ್ಲಿ ಕ್ಲಾರಿಥ್ರೋಮೈಸಿನ್ ಕಾರ್ಬಮಜೆಪೀನ್ ಮಟ್ಟವನ್ನು ಏರಿಸುತ್ತದೆ, ಮೆರೊಪೆನೆಮ್ ವಾಲ್ಪ್ರೊಯೇಟ್ ಮಟ್ಟವನ್ನು ದಿನದೊಳಗೇ ಕುಸಿಯುವಂತೆ ಮಾಡುತ್ತದೆ. ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಮಾತ್ರೆ ಲ್ಯಾಮೊಟ್ರಿಜಿನ್ ಮಟ್ಟವನ್ನು ಅರ್ಧದಷ್ಟು ಇಳಿಸಬಲ್ಲದು. ಕಾರ್ಬಮಜೆಪೀನ್, ಫೆನಿಟಾಯಿನ್ ಇದ್ದರೆ ಆ ಗರ್ಭನಿರೋಧಕವೇ ಕೈಕೊಡಬಹುದು.