ಹಿಂದೋಳದ ಗಂಟಲಲ್ಲಿ ಮಾಲಕಂಸ: ನನ್ನ ಅನುಭವ

"ಹದಿನೈದು ವರ್ಷ ಹಿಂದೋಳ ಹಾಡಿದ ಗಂಟಲು, ಇನ್ನು ಮಾಲಕಂಸಕ್ಕೆ ಬಗ್ಗಲ್ಲ ಬಿಡು" ಅಂತ ಮಂಡ್ಯದ ನನ್ನ ಪಿಟೀಲು ಗೆಳೆಯ ಅಂದಿದ್ದ. ಹಿಂದೋಳ ನಮ್ಮ ಕರ್ನಾಟಕ ಸಂಗೀತದ ರಾಗ, ಮಾಲಕಂಸ ಹಿಂದುಸ್ತಾನಿಯದು. ಹೋದ ವರ್ಷ ಮೈಸೂರಲ್ಲಿ ಒಬ್ಬರ ಮನೆ ಬೈಠಕ್‌ನಲ್ಲಿ (ಸಣ್ಣ ಕಚೇರಿ) ಮೊದಲು ನಿಧಾನದ ವಿಲಂಬಿತ್ ಏಕತಾಲ, ಆಮೇಲೆ ವೇಗದ ದ್ರುತ್ ತೀನ್‌ತಾಲ, ಹತ್ತಿರ ಹತ್ತಿರ ನಲವತ್ತು ನಿಮಿಷ ಮಾಲಕಂಸವನ್ನೇ ಹಾಡಿದೆ. ಅವನೂ ಮುಂದೇ ಕೂತಿದ್ದ. ಅದಕ್ಕೇ ಈ ಬರಹ.

ಎರಡೂ ರಾಗಕ್ಕೆ ಸ್ವರ ಐದೂ ಅವೇ. ನಾನು ಎಡವಿದ್ದೂ ಅಲ್ಲೇ. ನಮ್ಮ ಗುರುಗಳು ಧಾರವಾಡದ ಕಡೆಯವರು. ಮೊದಲ ತಿಂಗಳು ಕಣ್ಣು ಮುಚ್ಚಿ ಕೇಳಿ, "ಧೈವತ ಶುದ್ಧ ಆಗಾಕ್ಹತ್ತೈತಿ ನೋಡು" ಅನ್ನೋರು. ನಮ್ಮಲ್ಲಿ ಹಿಂದೋಳದ ಧೈವತ ಶುದ್ಧವೇ ತಾನೇ? ಹೊಗಳ್ತಿದಾರೆ ಅಂದ್ಕೊಂಡು ಗಮಕ (ಸ್ವರವನ್ನು ಅಲುಗಿಸೋದು) ಇನ್ನಷ್ಟು ಮೇಲಕ್ಕೆ ಎಳೆದೆ. ಮೂರು ವಾರ ಕಳೆದು ಬೈಸಿಕೊಂಡ ಮೇಲೇ ತಲೆಗೆ ಹೋಗಿದ್ದು: ಹಿಂದುಸ್ತಾನಿಯವರ ಕೋಮಲ (ತಗ್ಗಿನ ಧೈವತ) ನಮ್ಮ ಶುದ್ಧ, ಅವರ ಶುದ್ಧ (ಎತ್ತರದ್ದು) ನಮ್ಮ ಚತುಶ್ರುತಿ!

ಎರಡನೇ ಪೆಟ್ಟು ತಂಬೂರಿಯದು. ಪಂಚಮ ಇಲ್ಲದ ರಾಗ, ಅದಕ್ಕೇ ಮೊದಲ ತಂತಿ ಪಂಚಮದ ಬದಲು ಮಧ್ಯಮಕ್ಕೆ ಸೇರಿಸಿದೆ. ಹತ್ತು ನಿಮಿಷ ಹಾಡೋಷ್ಟರಲ್ಲಿ ಕಿವಿ ಮಧ್ಯಮವನ್ನೇ ಷಡ್ಜ ಅಂತ ಹಿಡಿದುಬಿಡೋದು. ಮೊಬೈಲಲ್ಲಿ ರೆಕಾರ್ಡ್ ಮಾಡಿ ಕೇಳಿದ್ರೆ ಮಾಲಕಂಸ ಎಲ್ಲಿದೆ, ಅಪ್ಪಟ ಧಾನಿ ಅನ್ನೋ ಬೇರೆ ರಾಗ! ಇದಕ್ಕೆ ನಾನು ಕಂಡುಕೊಂಡ ಉಪಾಯ ಒಂದಿದೆ. ಎದುರು ಕೂತು ಕೇಳಿದವರಿಗೆ ಮಾತ್ರ ಹೇಳ್ತೀನಿ.

ತಂಬೂರಿ ಮಿರಜಿನದು, ಹಳೇದು, ಇಪ್ಪತ್ತೆರಡು ಸಾವಿರ. ರೈಲಲ್ಲಿ ತರುವಾಗ ಅದರ ಸೋರೆ ಬುರುಡೆ ಬಿರುಕು ಬಿಟ್ಟು ರಿಪೇರಿಗೆ ನಾಲ್ಕು ಸಾವಿರ. ಜವಾರಿ ತೆಗೆಸಿದ್ದು (ನಾದ ತುಂಬಿ ಬರೋ ಹಾಗೆ ತಂತಿ ಕೂರೋ ಕುದುರೆ ತೀಡಿಸೋದು) ಎರಡು ಸಲ. ಪಾಠದ ಫೀಸು, ಭಾನುವಾರದ ಓಡಾಟ ಎಲ್ಲಾ ಸೇರಿ ಮೂರು ವರ್ಷಕ್ಕೆ ಲಕ್ಷದ ಆಸುಪಾಸು. "ಎರಡು ಸೀಮೆ ಹಸು ಬರೋವು" ಅಂತ ಮನೆಯವಳು ಈಗಲೂ ಅಂತಾಳೆ.

ಕೊನೆಗೆ ಕೈ ಹಿಡಿದದ್ದು ಮೂರೇ ಸ್ವರ. ಬಂದಿಶ್ (ರಾಗದ ಹಾಡು), ತಾನ್ (ವೇಗದ ಸ್ವರಗಳ ಓಟ) ಎಲ್ಲಾ ಬಿಟ್ಟು ನಲವತ್ತು ದಿನ ಮ, ಗ, ಸ ಅಷ್ಟೇ. ಮಧ್ಯಮದ ಮೇಲೆ ಉಸಿರು ಮುಗಿಯೋವರೆಗೂ ನಿಲ್ಲೋದು, ಅಲ್ಲಿಂದ ಮೀಂಡಲ್ಲಿ ಗಾಂಧಾರಕ್ಕೆ ಜಾರೋದು, ಅಲುಗಿಸದೆ ಷಡ್ಜ ಸೇರೋದು. ಗಾಂಧಾರ ಒಮ್ಮೆ ಅಲುಗಿದ್ರೂ ಮತ್ತೆ ಮೊದಲಿಂದ. ನಮ್ಮೂರಿಗೆ ತ್ರೀ ಫೇಸ್ ಕರೆಂಟ್ ಬರೋದೇ ರಾತ್ರಿ. ಕಬ್ಬಿಗೆ ನೀರು ಬಿಟ್ಟು ಬದುವಿನ ಮೇಲೆ ಕೂತು ಹಾಡ್ತಿದ್ದೆ. ರಾಗದ ಹೊತ್ತೂ ಅದೇ. ಇಪ್ಪತ್ತೈದನೇ ದಿನದ ಸುಮಾರಿಗೆ ಹಿಂದೋಳದ ಗಮಕ ತಾನಾಗೇ ಉದುರಿತು.

ಅಡ್ಡದಾರಿಗೂ ಹೋಗಿದ್ದೆ. ಮೋಟಾರಿನ ಗುಂಯ್ ಸದ್ದನ್ನೇ ಷಡ್ಜ ಮಾಡ್ಕೊಂಡು ಹಾಡಿ ಮೂರು ದಿನ ಗಂಟಲು ಕಟ್ಟಿತು. ನಡುವೆ ಚಂದ್ರಕಂಸ ಅನ್ನೋ ಇನ್ನೊಂದು ರಾಗದ ಆಸೆ ಹತ್ತಿ ನಿಷಾದವನ್ನು ಶುದ್ಧ ಮಾಡಿ ನೋಡಿದೆ. ಆಮೇಲೆ ವಾರವಿಡೀ ಮಾಲಕಂಸದ ಕೋಮಲ ನಿಷಾದ ಜಾಗಕ್ಕೆ ಕೂರಲಿಲ್ಲ.

ಬೈಠಕ್ ಮುಗಿದ ಮೇಲೆ ಪಿಟೀಲಿನವನು ಕಾಫಿ ಲೋಟ ಹಿಡ್ಕೊಂಡು ಬಂದು, "ಹಿಂದೋಳ ಎಲ್ಲೂ ಇಣುಕಲಿಲ್ಲ ಕಣಯ್ಯ" ಅಂದ. ಈಗ ವಾರದ ಮಟ್ಟಿಗೆ ತಂಬೂರಿ ಕೊಡು ಅಂತ ದುಂಬಾಲು ಬಿದ್ದಿದ್ದಾನೆ. ಕೊಟ್ಟಿಲ್ಲ. ಬುರುಡೆ ಮತ್ತೆ ಬಿರುಕು ಬಿಟ್ರೆ ನಾಲ್ಕು ಸಾವಿರ ಅವನು ಕೊಡ್ತಾನಾ?