ಮಾಳಿಗೆ ಮೇಲಿಂದ ಧೂಮಕೇತುವಿನ ಗಿರಕಿ

1997ರ ಯುಗಾದಿ ಅಮಾವಾಸ್ಯೆ ಏಪ್ರಿಲ್ 7ಕ್ಕೆ ಬಂದಿತ್ತು. ಆಗಿನ್ನೂ ನಮ್ಮೂರು ಗುಲ್ಬರ್ಗಾ. ಮಾಳಿಗೆ ಮೇಲೆ ಆರಿಂಚಿನ ದೂರದರ್ಶಕ ಇಟ್ಟುಕೊಂಡು, ವಾಯವ್ಯದಲ್ಲಿದ್ದ ಹೇಲ್-ಬಾಪ್ ಧೂಮಕೇತುವಿನ ಫೋಟೋ ತೆಗೆದೆ. ಸಂಜೆ 7.05ಕ್ಕೆ ಒಂದಿಷ್ಟು, 8.25ಕ್ಕೆ ಒಂದಿಷ್ಟು. ಮರುದಿನ ಹಬ್ಬದೂಟ ಮುಗಿಸಿ ಮತ್ತೆ 7.05ಕ್ಕೆ.

ರೋಲ್ ತೊಳೆದ ಸ್ಟುಡಿಯೋದವರು "ಇದ್ರಾಗ ಏನೂ ಬಂದಿಲ್ರಿ ಸರ್, ಪ್ರಿಂಟ್ ಹಾಕಿಲ್ಲ" ಅಂದರು. ನೆಗೆಟಿವ್ ಬಿಸ್ಕತ್ತಿನ ಡಬ್ಬಿ ಸೇರಿತು. ಹೋದ ವರ್ಷ ಮಗಳು ಅದನ್ನು ಹುಡುಕಿ ಸ್ಕ್ಯಾನ್ ಮಾಡಿಸಿದಳು.

ಚಿತ್ರ ಸುಮ್ನೆ ನೋಡಿದರೆ ಬರೀ ಬೆಳಕಿನ ಮುದ್ದೆ. ಅದನ್ನೇ ಮಸುಕು ಮಾಡಿದ ಪ್ರತಿಯೊಂದನ್ನು ಮಾಡಿ, ಮೂಲದಿಂದ ಕಳೆದೆ. ಸೂರ್ಯನ ಕಡೆಗೆ ಒಂದರ ಹಿಂದೊಂದು ಮೂರು ಕಮಾನು ಎದ್ದು ಬಂದವು! ಶೇಂಗಾ ಹೊಲದ ಸ್ಪ್ರಿಂಕ್ಲರ್ ನೆನೆಸಿಕೊಳ್ಳಿ. ಧೂಮಕೇತುವಿನ ಗಡ್ಡೆಯ ಮೇಲೆ ಧೂಳು ಚಿಮ್ಮುವ ಜಾಗ ಸೂರ್ಯನತ್ತ ತಿರುಗಿದಾಗಲೆಲ್ಲ ಒಂದು ಕಮಾನು ಹೊರಡುತ್ತದೆ. ಎರಡು ಕಮಾನುಗಳ ನಡುವಿನ ಅಂತರ ಅಂದರೆ ಒಂದು ಸುತ್ತು.

ನಡುವಿನ ಚುಕ್ಕೆಯಿಂದ ಒಂದೇ ದಿಕ್ಕಿನಲ್ಲಿ ಅಳೆದೆ. ಕಮಾನುಗಳ ನಡುವೆ ಸುಮಾರು 40 ಪಿಕ್ಸೆಲ್. 7.05ರಿಂದ 8.25ರೊಳಗೆ ಅವು ಸರಾಸರಿ 5 ಪಿಕ್ಸೆಲ್ ಹೊರಗೆ ಸರಿದಿದ್ದವು. ಅಂದರೆ 80 ನಿಮಿಷಕ್ಕೆ ಎಂಟನೇ ಒಂದು ಭಾಗ. ಪೂರ್ತಿ ಸುತ್ತಿಗೆ 10 ಗಂಟೆ 40 ನಿಮಿಷ. ಈ ಲೆಕ್ಕದ ಮೇಲೆ ನನಗೇ ಭರವಸೆ ಇರಲಿಲ್ಲ. 8.25ಕ್ಕೆ ಧೂಮಕೇತು ಕೆಳಗಿಳಿದು, ಚಿತ್ರ ನಡುಗುತ್ತಿತ್ತು. ಒಂದು ಪಿಕ್ಸೆಲ್ ತಪ್ಪಿದರೆ ಎರಡು ಗಂಟೆ ಹೆಚ್ಚುಕಮ್ಮಿ.

ಹಬ್ಬದ ದಿನದ ಚಿತ್ರ ಇಟ್ಟಾಗ ಮಗಳು ಕೇಳಿದಳು, "ಅಪ್ಪಾ, ಒಂದು ದಿನಾ ಕಳದ್ರೂ ಇಷ್ಟೇ ಫರಕ್ ಅದ ಅಲ್ಲಾ?" ಹೌದು, ಹಿಂದಿನ ಸಂಜೆ 7.05ರ ಚಿತ್ರಕ್ಕೂ ಇದಕ್ಕೂ ಮತ್ತೆ ಅದೇ 5 ಪಿಕ್ಸೆಲ್! ಇಡೀ ದಿನದಲ್ಲಿ ಬರೀ ಅಷ್ಟು ಸರಿಯುತ್ತದೆಯೇ? ಇಲ್ಲ. ಹಳೇ ಕಮಾನುಗಳು ಮುಂದೆ ಹೋಗಿ, ಹೊಸವು ಆ ಜಾಗಕ್ಕೆ ಬಂದಿವೆ. ಹಾಗಾದರೆ 24 ಗಂಟೆಯಲ್ಲಿ ಆ 80 ನಿಮಿಷ ಕಳೆದರೆ ಉಳಿಯುವ 22 ಗಂಟೆ 40 ನಿಮಿಷದಲ್ಲಿ ಗಡ್ಡೆ ಪೂರ್ತಿ ಸುತ್ತುಗಳನ್ನೇ ಹಾಕಿರಬೇಕು, ಅಲ್ವಾ? ಒಂದೇ ಸುತ್ತಾದರೆ 22 ಗಂಟೆ 40 ನಿಮಿಷ, ಎರಡಾದರೆ 11 ಗಂಟೆ 20 ನಿಮಿಷ, ಮೂರಾದರೆ ಏಳೂವರೆ ಗಂಟೆ. ಭರವಸೆಯಿಲ್ಲದ ಆ 10 ಗಂಟೆ 40 ನಿಮಿಷ ಈಗ ಕೆಲಸಕ್ಕೆ ಬಂತು. ಅದಕ್ಕೆ ಹತ್ತಿರ ಇರೋದು ಎರಡು ಸುತ್ತು ಮಾತ್ರ.

ದೊಡ್ಡ ದೂರದರ್ಶಕಗಳು ಕಂಡುಕೊಂಡದ್ದೂ ಸುಮಾರು 11 ಗಂಟೆ 20 ನಿಮಿಷವೇ. ನನ್ನ ಕಣ್ಣು ಚುರುಕು ಅಂತಲ್ಲ. 80ರ ಬದಲು 90 ನಿಮಿಷ ಅಂದುಕೊಂಡಿದ್ದರೂ ಉತ್ತರ ಐದೇ ನಿಮಿಷ ಕಮ್ಮಿ ಆಗುತ್ತಿತ್ತು. ಡಬ್ಬಿಯಲ್ಲಿ ಇನ್ನೊಂದು ರೋಲ್ ಇದೆ, ಚಿತ್ರಗಳು ಇದಕ್ಕಿಂತ ಜಾಸ್ತಿ ಚೆಂದ. ಆದರೆ ಅವತ್ತು ಗಡಿಯಾರ ನೋಡಿ ಸಮಯ ಬರೆದಿಡಲಿಲ್ಲ.